ಕುಲಾಯಿ, ಕಬಾಯಿ, ಬರಿಮೈ: ವಿಜಯನಗರದ ಉಡುಗೆತೊಡುಗೆ

ವಿಜಯನಗರದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಉಡುಗೆ ಅವನ ಮತವನ್ನಾಗಲಿ ಹುಟ್ಟೂರನ್ನಾಗಲಿ ಅಷ್ಟಾಗಿ ಹೇಳುತ್ತಿರಲಿಲ್ಲ. ಆ ಹೊತ್ತು ಅವನು ಯಾರೆದುರು ನಿಲ್ಲಲು ಹೊರಟಿದ್ದಾನೆ ಎಂಬುದನ್ನು ಹೇಳುತ್ತಿತ್ತು. ಅರಮನೆಗೆ ಹೋಗುವಾಗ ಮೈತುಂಬ ನಿಲುವಂಗಿ, ತಲೆಯ ಮೇಲೆ ಎತ್ತರದ ಟೊಪ್ಪಿಗೆ. ದೇವಸ್ಥಾನಕ್ಕೆ ಹೋಗುವಾಗ ನಡುವಿಗೊಂದು ಪಂಚೆ, ಮೇಲೆ ಬರಿಮೈ. 14ನೆಯ ಶತಮಾನದ ನಡುವಿನಿಂದ 1565ರವರೆಗೆ ತುಂಗಭದ್ರೆಯ ದಕ್ಷಿಣ ದಡದಲ್ಲಿ ಬೆಳೆದು ಬಾಳಿದ ಈ ರಾಜಧಾನಿಯಲ್ಲಿ ಎರಡೂ ರೂಢಿಗಳು ಒಂದರ ಪಕ್ಕ ಒಂದು ನಡೆದುಕೊಂಡು ಬಂದವು. ಒಬ್ಬನೇ ಮನುಷ್ಯ ಬೆಳಿಗ್ಗೆ ಒಂದನ್ನು, ಮಧ್ಯಾಹ್ನ ಇನ್ನೊಂದನ್ನು ಪಾಲಿಸುತ್ತಿದ್ದ. ಅದರಲ್ಲಿ ಯಾರಿಗೂ ವಿರೋಧ ಕಂಡಂತಿಲ್ಲ.

ಹತ್ತಿ, ರೇಷ್ಮೆಗಳು ಶತಮಾನಗಟ್ಟಲೆ ಮಣ್ಣಿನಲ್ಲಿ ಬಾಳುವ ವಸ್ತುಗಳಲ್ಲ. ಹಾಗಾಗಿ ಈ ಇತಿಹಾಸವನ್ನು ಕಲ್ಲು, ಲೋಹ, ಗೋಡೆಯ ಬಣ್ಣ ಮತ್ತು ಬರೆಹಗಳಿಂದಲೇ ಕಟ್ಟಿಕೊಳ್ಳಬೇಕು. ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಒಂದರ ಮೇಲೊಂದು ಸಾಗುತ್ತವೆ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಬೇಟೆಗಾರರು, ಕುಣಿಯುವವರು, ಗಡ್ಡಬಿಟ್ಟು ಟೊಪ್ಪಿಗೆ ಧರಿಸಿದ ಪರದೇಶಿಗಳು ಇದ್ದಾರೆ. ಬಣ್ಣದ ಸಾಕ್ಷ್ಯಕ್ಕೆ ಹಂಪಿಯಿಂದ ಆಚೆ, ಅಚ್ಯುತರಾಯನ ಕಾಲದ ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋಗಬೇಕು. ಬರೆಹದ ಸಾಕ್ಷ್ಯ ಹೆಚ್ಚಾಗಿ ಹೊರಗಿನಿಂದ ಬಂದವರದು: 15ನೆಯ ಶತಮಾನದ ಆರಂಭದಲ್ಲಿ ಇಟಲಿಯ ನಿಕೊಲೊ ಕೋಂಟಿ, 1443ರಲ್ಲಿ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್, 16ನೆಯ ಶತಮಾನದಲ್ಲಿ ವರ್ತೆಮಾ, ಬಾರ್ಬೋಸಾ, ಡೊಮಿಂಗೊ ಪಾಯಸ್, ನೂನಿಜ್. ಊರಿನವರೇ ಕಟ್ಟಿಕೊಟ್ಟ ಒಂದು ಕಲ್ಪನೆಯ ನಗರವೂ ಇದೆ. ಕನಕದಾಸರ ಮೋಹನತರಂಗಿಣಿಯಲ್ಲಿ ಬರುವ ದ್ವಾರಕೆ ಹೆಸರಿಗೆ ಕೃಷ್ಣನ ಪಟ್ಟಣ. ಅದರ ಬೀದಿ, ಅಂಗಡಿ, ವೈಭವಗಳಲ್ಲಿ ವಿದ್ವಾಂಸರು ಕವಿ ಕಂಡ ವಿಜಯನಗರವನ್ನೇ ಗುರುತಿಸಿದ್ದಾರೆ.

ಪರದೇಶದ ಬಟ್ಟೆಯ ಆಸೆ ಈ ನಾಡಿಗೆ ವಿಜಯನಗರದಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಸ್ತ್ರಭೋಗಕ್ಕೆಂದೇ ಒಂದು ಭಾಗವಿದೆ. ಚೋಳಮಂಡಲ, ಕಳಿಂಗ, ವಂಗ, ಸಿಂಹಳ, ಮಹಾಚೀನ ಹೀಗೆ ಬಟ್ಟೆ ಬರುವ ನೆಲೆಗಳ ಪಟ್ಟಿ ಅಲ್ಲಿದೆ. ಯಾವ ಋತುವಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ವಿಚಾರವೂ ಇದೆ. ಒಡೆಯನ ಮೈಮೇಲಿನ ಬಟ್ಟೆ ಅವನ ಸಂಪರ್ಕ ಎಷ್ಟು ದೂರದವರೆಗೆ ಚಾಚಿದೆ ಎಂದು ತೋರಿಸಬೇಕು ಎಂಬ ಭಾವನೆ ಆಗಲೇ ಬೇರೂರಿತ್ತು. ವಿಜಯನಗರದಲ್ಲಿ ಹೊಸದಾದದ್ದು ಬಟ್ಟೆಯಲ್ಲ, ಅದರ ಕತ್ತರಿಕೆ ಮತ್ತು ಹೊಲಿಗೆ.

ಸಾಮಾನ್ಯರ ಉಡುಪಿನಲ್ಲಿ ಈ ಕತ್ತರಿ ಹೆಚ್ಚು ಕೆಲಸ ಮಾಡಲಿಲ್ಲ. 16ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಂದ ವರ್ತೆಮಾ, ಸ್ಥಿತಿವಂತರು ಗಿಡ್ಡ ಅಂಗಿ ತೊಟ್ಟು ತಲೆಗೆ ಚಿನ್ನ-ರೇಷ್ಮೆಯ ವಸ್ತ್ರ ಸುತ್ತುತ್ತಾರೆ, ಕಾಲಿಗೆ ಏನೂ ಹಾಕುವುದಿಲ್ಲ, ಬಡವರಿಗೆ ನಡುವಿನ ತುಂಡುಬಟ್ಟೆಯ ಹೊರತು ಬೇರೇನೂ ಇಲ್ಲ ಎಂದು ಬರೆದ. ಯುರೋಪಿನವನ ಕಣ್ಣಿಗೆ ಅದು ಬೆತ್ತಲೆ. ಬಳ್ಳಾರಿಯ ಸೀಮೆಯ ಬಿಸಿಲಿನಲ್ಲಿ ಗೇಯುವವನಿಗೆ ಅದೇ ಸರಿಯಾದ ಉಡುಪು. ಗಂಡಸರು ಪಂಚೆಯನ್ನು ಕಚ್ಚೆ ಹಾಕಿ ಉಟ್ಟು, ಮೇಲೊಂದು ದಟ್ಟಿಯಿಂದ ನಡು ಬಿಗಿದು, ತಲೆಗೆ ಮುಂಡಾಸು ಸುತ್ತುವ ಕ್ರಮ ಶಿಲ್ಪಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅರಮನೆಯ ಫ್ಯಾಷನ್ ಎಷ್ಟು ಸಲ ತಿರುಗಿದರೂ ಈ ಉಡುಪು ಹೆಚ್ಚು ಬದಲಾಗದೆ ನಿಂತಿತು.

ಬಾರ್ಬೋಸಾ ಸುಮಾರು 1516ರ ಹೊತ್ತಿಗೆ ಕೊಡುವ ವಿವರ ನಗರದ ಅನುಕೂಲಸ್ಥ ಗೃಹಸ್ಥರದು. ಸೊಂಟಕ್ಕೆ ಅನೇಕ ಸುತ್ತು ಬಿಗಿಯಾಗಿ ಸುತ್ತಿದ ವಸ್ತ್ರ. ಮೇಲೆ ಹತ್ತಿ, ರೇಷ್ಮೆ ಅಥವಾ ಜರಿಯ, ಮುಂದೆ ತೆರೆದ ಗಿಡ್ಡ ಅಂಗಿ. ತಲೆಗೆ ಸಣ್ಣ ರುಮಾಲು, ಕೆಲವರಿಗೆ ರೇಷ್ಮೆ ಅಥವಾ ಜರಿಯ ಟೊಪ್ಪಿಗೆ. ಹೆಗಲ ಮೇಲೆ ಅಗಲವಾದ ಹೊದಿಕೆ. ಇಷ್ಟಕ್ಕೆ ಮುಗಿಯಲಿಲ್ಲ. ಅವರ ಹಿಂದೆ ಕತ್ತಿ ಹಿಡಿದ ಹುಡುಗ ನಡೆಯುತ್ತಾನೆ. ಗಂಧ, ಅಗರು, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಪನ್ನೀರಿನಲ್ಲಿ ಕಲಸಿದ ಲೇಪ ಅವರ ಮೈಮೇಲೆ ಸದಾ ಇರುತ್ತದೆ. ಬಾರ್ಬೋಸಾ ಈ ಪರಿಮಳವನ್ನು ಉಡುಪಿನ ಜೊತೆಯಲ್ಲೇ ಹೇಳಿದ್ದು ಗಮನಿಸಬೇಕಾದದ್ದು, ಏಕೆಂದರೆ ಅಂಗಿಯ ಕೆಳಗೆ ಗಂಧವಿಲ್ಲದ ಮೈ ಆ ಊರಿನ ಸಭ್ಯರ ಲೆಕ್ಕದಲ್ಲಿ ಅರ್ಧ ಉಟ್ಟ ಮೈ.

ಅರಮನೆಯ ಉಡುಪಿನ ಎರಡು ಮುಖ್ಯ ಅಂಗಗಳು ಕಬಾಯಿ ಮತ್ತು ಕುಲಾಯಿ. ಕಬಾಯಿ ತೋಳುಳ್ಳ, ಮುಂದೆ ತೆರೆದು ಮಡಿಸಿ ಕಟ್ಟಿಕೊಳ್ಳುವ ಉದ್ದನೆಯ ನಿಲುವಂಗಿ. ಕುಲಾಯಿ ಜರಿಯ ಬಟ್ಟೆಯಿಂದ ಮಾಡಿದ, ಮೇಲೆ ಹೋದಂತೆ ಕಿರಿದಾಗುವ ಎತ್ತರದ ಟೊಪ್ಪಿಗೆ. ವರ್ತೆಮಾ ಅರಸನ ಟೊಪ್ಪಿಗೆ ಎರಡು ಗೇಣು ಉದ್ದವೆಂದು ಬರೆದಿದ್ದಾನೆ. ಲೇಪಾಕ್ಷಿಯ ಚಾವಣಿಯಲ್ಲಿ ಸಾಲಾಗಿ ನಿಂತ ಅಧಿಕಾರಿಗಳ ತಲೆಯ ಮೇಲೆ ಇವೇ ಕುಲಾಯಿಗಳು. ಅವರ ನಿಲುವಂಗಿಗಳು ಎಷ್ಟು ತೆಳುವೆಂದರೆ ಕೆಳಗಿನ ಪಂಚೆಯ ಅಂಚು ಹೊರಕ್ಕೆ ಕಾಣುವಂತೆ ಚಿತ್ರಕಾರ ಬರೆದಿದ್ದಾನೆ. ಹೊರಗಿನ ಮಾದರಿಯ ಅಂಗಿಯ ಕೆಳಗೆ ನಾಡಿನ ಪಂಚೆ ಹಾಗೆಯೇ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಈ ಎರಡೂ ಉಡುಪುಗಳ ಹೆಸರುಗಳು ಅರಬ್ಬಿ, ಪಾರಸಿ ಮೂಲದವು. ಉಡುಪುಗಳೂ ಅತ್ತಲಿಂದಲೇ ಬಂದವು. 15ನೆಯ ಶತಮಾನದಲ್ಲಿ ಹೆರಾತಿನಿಂದ ಹಿಡಿದು ದೆಹಲಿ, ಬೀದರ್‌ಗಳವರೆಗೆ ಆಸ್ಥಾನಕ್ಕೆ ಹೋಗುವವನ ಉಡುಪು ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು: ಮೈ ಮುಚ್ಚುವ ನಿಲುವಂಗಿ, ನಡುಕಟ್ಟು, ತಲೆಗೆ ಟೊಪ್ಪಿಗೆ ಅಥವಾ ಪೇಟ. ವಿಜಯನಗರದ ಅರಸರು ಈ ವಲಯದ ಹೊರಗೆ ನಿಲ್ಲಲು ಬಯಸಲಿಲ್ಲ. ಒಂದನೆಯ ಬುಕ್ಕನ ಕಾಲದಿಂದಲೇ, 1350ರ ದಶಕದ ಶಾಸನಗಳಲ್ಲಿ, ಅವರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು ಧರಿಸಿದರು. ಅಂದರೆ ಹಿಂದೂ ರಾಯರಲ್ಲಿ ಸುಲ್ತಾನ. ಬಿರುದಿಗೆ ತಕ್ಕ ಉಡುಪೂ ಬೇಕಾಯಿತು. ಅಮೆರಿಕದ ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಿರುದು ಮತ್ತು ಉಡುಪು ಎರಡನ್ನೂ ಒಟ್ಟಿಗೆ ಇಟ್ಟು ನೋಡಿ, ಇದು ಮತದ ಪ್ರಭಾವವಲ್ಲ, ರಾಜಕೀಯ ಸಂಸ್ಕೃತಿಯ ಸ್ವೀಕಾರ ಎಂದು ವಾದಿಸಿದ. ಆ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹಿಂದೂ-ಮುಸ್ಲಿಂ ಎಂಬ ಎರಡೇ ಗೂಡುಗಳಲ್ಲಿ ವಿಜಯನಗರವನ್ನೂ ಅದರ ಉತ್ತರದ ಬಹಮನಿ ಸುಲ್ತಾನರನ್ನೂ ತುಂಬಿಡುವ ಇತಿಹಾಸಕ್ಕೆ ಈ ಟೊಪ್ಪಿಗೆ ಮತ್ತು ನಿಲುವಂಗಿ ನೇರವಾಗಿ ಅಡ್ಡ ಬರುತ್ತವೆ.

ಆ ಕಾಲದ ರಾಯಭಾರಿಯೊಬ್ಬನ ಕಣ್ಣಿಗೆ ಈ ವ್ಯತ್ಯಾಸ ಹೇಗೆ ಕಂಡಿತು ಎಂಬುದು ಅಬ್ದುರ್ ರಜಾಕನ ಬರೆಹದಲ್ಲಿದೆ. ಹೆರಾತಿನ ಅರಸ, ತೈಮೂರನ ಮಗ ಶಾರುಖ್ ಅವನನ್ನು ಮೊದಲು ಕಲ್ಲಿಕೋಟೆಗೆ ಕಳಿಸಿದ್ದ. ಅಲ್ಲಿನ ಅರಸ ಸಾಮೂದಿರಿಯ ಸಭೆಯಲ್ಲಿ ಅರಸನಿಂದ ಹಿಡಿದು ಭಿಕ್ಷುಕನವರೆಗೆ ಎಲ್ಲರೂ ಬರಿಮೈಯಲ್ಲಿ ಇದ್ದದ್ದನ್ನು ಕಂಡು ಅವನು ಮುಖ ಸಿಂಡರಿಸಿದ. ಅದೇ 1443ರಲ್ಲಿ ಮಂಗಳೂರಿನ ದಾರಿಯಾಗಿ ಘಟ್ಟ ಹತ್ತಿ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ಜೈತೂನಿ ಎಂಬ ಚೀನೀ ನಯರೇಷ್ಮೆಯ ನಿಲುವಂಗಿ ತೊಟ್ಟು, ಕೊರಳಿಗೆ ಬೆಲೆಬಾಳುವ ಮುತ್ತಿನ ಹಾರ ಧರಿಸಿ ಕುಳಿತಿದ್ದ. ಹೆರಾತಿನವನಿಗೆ ಈ ಅರಸ ತನ್ನ ಲೋಕಕ್ಕೆ ಸೇರಿದವನಾಗಿ ಕಂಡ. ಅವನ ಬರೆಹದ ಧಾಟಿಯೇ ಬದಲಾಯಿತು. ಕುದುರೆಗಾಗಿ ಹೊರ್ಮುಜ್ ಮತ್ತು ಅರಬ್ ನಾಡುಗಳನ್ನು ನೆಚ್ಚಿಕೊಂಡಿದ್ದ ರಾಜ್ಯಕ್ಕೆ ಇಂಥ ಒಂದು ಮೆಚ್ಚುಗೆ ಬಹಳ ಬೆಲೆಯುಳ್ಳದ್ದು. ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಯೋಧರೂ ಇದ್ದರು; ಅವರಲ್ಲಿ ಅಹಮದ್ ಖಾನ್ 1439ರಲ್ಲಿ ಅರಸನ ಹೆಸರಿನಲ್ಲಿ ಕಟ್ಟಿಸಿದ ಧರ್ಮಸಾಲೆ ಹಂಪಿಯಲ್ಲಿ ಇಂದಿಗೂ ಇದೆ. ಇವರೆಲ್ಲ ಸೇರುವ ಸಭೆಯಲ್ಲಿ ಎಲ್ಲರಿಗೂ ಗೌರವವೆನಿಸುವ ಒಂದು ಸಮಾನ ಉಡುಪು ಬೇಕಾಗಿತ್ತು.

ಎಲ್ಲರಿಗೂ ಅದು ಹಿತವೆನಿಸಲಿಲ್ಲ. ತೆಲುಗು ಕವಿ ಶ್ರೀನಾಥ ದೇವರಾಯನ ದರ್ಶನಕ್ಕೆ ಬಂದು ಕಾದು ಬೇಸತ್ತಾಗ ಹೇಳಿದನೆಂಬ ಚಾಟುಪದ್ಯವೊಂದು ಆ ನುಡಿಯಲ್ಲಿ ಪ್ರಸಿದ್ಧ. ಕುಲಾಯಿ ಇಟ್ಟುಕೊಳ್ಳಬೇಕಾಯಿತು, ದೊಡ್ಡ ನಿಲುವಂಗಿ ತೊಡಬೇಕಾಯಿತು, ಬೆಳ್ಳುಳ್ಳಿ ತಿನ್ನಬೇಕಾಯಿತು ಎಂದು ಅದರಲ್ಲಿ ಅವನು ಕನ್ನಡ ರಾಜ್ಯಲಕ್ಷ್ಮಿಗೆ ಮೊರೆಯಿಡುತ್ತಾನೆ. ಕವಿಯ ಗೋಳಿನಿಂದ ಇತಿಹಾಸಕ್ಕೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಆಸ್ಥಾನದೊಳಕ್ಕೆ ಕಾಲಿಡುವವನು, ಪಂಡಿತನೇ ಆಗಿರಲಿ, ಅಲ್ಲಿನ ಉಡುಪು ತೊಡದೆ ನಿರ್ವಾಹವಿರಲಿಲ್ಲ.

ದೇವಸ್ಥಾನದಲ್ಲಿ ಈ ನಿಯಮ ತಲೆಕೆಳಗಾಗುತ್ತಿತ್ತು. 1513ರಲ್ಲಿ ಕೃಷ್ಣದೇವರಾಯ ಇಬ್ಬರು ರಾಣಿಯರೊಡನೆ ಮೊದಲ ಸಲ ತಿರುಮಲೆಗೆ ಹೋದ. ಅಲ್ಲಿನ ದೇವಾಲಯದಲ್ಲಿ ಅವನ, ತಿರುಮಲದೇವಿಯ ಮತ್ತು ಚಿನ್ನಾದೇವಿಯ ಆಳೆತ್ತರದ ಲೋಹಪ್ರತಿಮೆಗಳು ಕೈಮುಗಿದು ನಿಂತಿವೆ. ಅರಸನ ಮೈಮೇಲೆ ಕಬಾಯಿ ಇಲ್ಲ. ಸೊಂಟದಿಂದ ಕೆಳಗೆ ನಿರಿಗೆ ಹಿಡಿದ ಪಂಚೆ, ಎದೆಯ ಮೇಲೆ ಆಭರಣಗಳು ಮಾತ್ರ. ಆದರೆ ತಲೆಯ ಮೇಲೆ ಕುಲಾಯಿ ಹಾಗೆಯೇ ಇದೆ. ದೇವರೆದುರು ಭಕ್ತನಾಗಿ ಮೈ ತೆರೆದು ನಿಂತವನು ಅರಸ ಎಂಬುದು ಮರೆಯದಂತೆ ಆ ಟೊಪ್ಪಿಗೆ ನೋಡಿಕೊಳ್ಳುತ್ತದೆ. ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲ, ದೇವರ ಮುಂದೆ ಮೇಲ್ಮೈ ಬರಿದಾಗಿರಬೇಕು ಎಂಬ ಹಳೆಯ ನಂಬಿಕೆ ಇದರ ಹಿಂದಿದೆ; ಕರ್ನಾಟಕದ ಕರಾವಳಿಯ ಧರ್ಮಸ್ಥಳ, ಉಡುಪಿಗಳಲ್ಲಿ ಗಂಡಸರು ಅಂಗಿ ಕಳಚಿ ಒಳಹೋಗುವ ರೂಢಿ ಇಂದಿಗೂ ಅದನ್ನೇ ಪಾಲಿಸುತ್ತಿದೆ. ವಿಜಯನಗರದ ವಿಶೇಷವೆಂದರೆ ಈ ನಂಬಿಕೆಯನ್ನು ಬಿಡದೆ, ಅದರ ಗಡಿಯನ್ನು ಗುಡಿಯ ಹೊಸ್ತಿಲಿಗೆ ಕಟ್ಟಿ, ಅದರಾಚೆಗೆ ಬೇರೊಂದು ಲೋಕದ ಉಡುಪಿಗೆ ಪೂರ್ತಿ ಜಾಗ ಕೊಟ್ಟದ್ದು.

ಸುಮಾರು 1520ರಲ್ಲಿ ಬಂದ ಡೊಮಿಂಗೊ ಪಾಯಸ್ ಅದೇ ಕೃಷ್ಣದೇವರಾಯನನ್ನು ಅರಮನೆಯಲ್ಲಿ ಕಂಡ. ಬಂಗಾರದ ಎಳೆಯಲ್ಲಿ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿ ಉಡುಪು, ಕೊರಳಲ್ಲಿ ವಜ್ರದ ಹಾರ, ಸ್ಪೇನಿನ ಗಲೀಸಿಯಾದ ಸೈನಿಕರ ಶಿರಸ್ತ್ರಾಣವನ್ನು ಹೋಲುವ ಜರಿಯ ಟೊಪ್ಪಿಗೆ, ಅದರ ಮೇಲೆ ತೆಳು ರೇಷ್ಮೆಯ ಮುಸುಕು. ಕಾಲು ಮಾತ್ರ ಬರಿದು. ಅರಸನಿರುವಲ್ಲಿಗೆ ಮೆಟ್ಟು ಹಾಕಿಕೊಂಡು ಯಾರೂ ಹೋಗುವಂತಿಲ್ಲ ಎಂದು ಪಾಯಸ್ ಕಾರಣ ಹೇಳುತ್ತಾನೆ; ಆ ನಿಯಮಕ್ಕೆ ಅರಸನೂ ಹೊರತಾಗಿರಲಿಲ್ಲ. ನಗರದ ಬಹುಪಾಲು ಜನ ಬರಿಗಾಲಿನವರೇ. ಮೆಟ್ಟುಗಳಿದ್ದವರಲ್ಲಿ ಕೆಲವರದು ಮೊನೆಚೂಪಾದ ಜೋಡು, ಇನ್ನು ಕೆಲವರದು ಅಟ್ಟೆಯ ಮೇಲೆ ಬಾರುಗಳಷ್ಟೇ ಇರುವ ಚಪ್ಪಲಿ. ಪಾಯಸನಿಗೆ ಅವು ಹಳೆಯ ರೋಮನರ ಪಾದರಕ್ಷೆಗಳನ್ನು ನೆನಪಿಸಿದವು. ಹೆಂಗಸರ ಚರ್ಮದ ಜೋಡುಗಳ ಮೇಲೆ ರೇಷ್ಮೆಯ ಕಸೂತಿ ಇತ್ತೆಂದು ಬಾರ್ಬೋಸಾ ಸೇರಿಸುತ್ತಾನೆ.

ಕಬಾಯಿ, ಕುಲಾಯಿಗಳು ಕೇವಲ ತೊಡುವ ವಸ್ತುಗಳಾಗಿರಲಿಲ್ಲ, ಕೊಡುವ ವಸ್ತುಗಳೂ ಆಗಿದ್ದವು. ಪಾಯಸ್ ಬಂದ ಪೋರ್ಚುಗೀಸರ ತಂಡದ ಮುಖ್ಯ ಕ್ರಿಸ್ತೊವಾಂವ್ ಡಿ ಫಿಗೈರೆಡೊಗೆ ಅರಸ ಜರಿಯ ಕಬಾಯಿಯನ್ನೂ ತಾನು ಧರಿಸಿದ್ದ ಮಾದರಿಯದೇ ಟೊಪ್ಪಿಗೆಯನ್ನೂ ಕೊಟ್ಟ. ಜೊತೆಗಿದ್ದ ಪ್ರತಿಯೊಬ್ಬನಿಗೂ ಚಿತ್ರದ ಕಸೂತಿಯಿದ್ದ ಒಂದೊಂದು ವಸ್ತ್ರ ಸಿಕ್ಕಿತು. ಅರಸನ ಮಾದರಿಯ ಟೊಪ್ಪಿಗೆಯನ್ನು ಪರದೇಶಿಯ ತಲೆಗೆ ಇಡಿಸುವುದೆಂದರೆ ಅವನನ್ನು ಆಸ್ಥಾನದ ವ್ಯವಸ್ಥೆಯ ಒಳಕ್ಕೆ ಸೇರಿಸಿಕೊಂಡಂತೆ. ಈ ಪದ್ಧತಿಯೂ ಸುಲ್ತಾನರ ಆಸ್ಥಾನಗಳಲ್ಲಿ ಗೌರವದ ಉಡುಪು ಕೊಡುವ ಖಿಲ್ಲತ್ತಿಗೆ ಹತ್ತಿರದ್ದು. ನೂನಿಜ್ ಹೇಳುವಂತೆ ಸೆಪ್ಟೆಂಬರಿನ ಒಂಬತ್ತು ದಿನಗಳ ಮಹಾನವಮಿ ಹಬ್ಬದ ಹೊತ್ತಿಗೆ ನಾಯಕರು ತಮ್ಮ ಸೀಮೆಗಳ ಹಣವನ್ನು ತಂದೊಪ್ಪಿಸಿದಾಗ ಅರಸ ಅವರಿಗೆ ಗೌರವದ ಹೊದಿಕೆಗಳನ್ನು ಹೊದಿಸುತ್ತಿದ್ದ. ಅದಕ್ಕೂ ಮೇಲಿನ ಮನ್ನಣೆ ಚಿನ್ನ, ರತ್ನಗಳ ಹಿಡಿಯಿದ್ದ ಜೋಡಿ ಚಾಮರ ಮತ್ತು ಕಡಗ. ಸಾವಿರಾರು ಪಡೆಯಾಳುಗಳನ್ನು ಸಾಕುವ, ಲಕ್ಷಗಟ್ಟಲೆ ಹಣ ಸಲ್ಲಿಸುವ ನಾಯಕನೊಬ್ಬ ಮರಳಿ ಪಡೆಯುತ್ತಿದ್ದದ್ದು ಒಂದು ಬಟ್ಟೆ. ಇಷ್ಟು ದೊಡ್ಡ ರಾಜ್ಯವನ್ನು ನಾಯಕರ ನಿಷ್ಠೆಯ ಮೇಲೆ ನಿಲ್ಲಿಸಿದ್ದವರಿಗೆ ಆ ಬಟ್ಟೆಯ ತೂಕ ಚೆನ್ನಾಗಿ ಗೊತ್ತಿತ್ತು.

ಅರಸನ ಸ್ವಂತ ಬಟ್ಟೆ ಮಾತ್ರ ಯಾರ ಕೈಗೂ ಹೋಗುತ್ತಿರಲಿಲ್ಲ. ಅಚ್ಯುತರಾಯನ ಕಾಲದಲ್ಲಿದ್ದ ನೂನಿಜ್ ಇದನ್ನು ವಿವರವಾಗಿ ಬರೆದಿದ್ದಾನೆ. ಅರಸ ಒಮ್ಮೆ ಉಟ್ಟದ್ದನ್ನು ಮತ್ತೆ ಉಡುವುದಿಲ್ಲ. ಕಳಚಿದ ಕೂಡಲೇ ಅದಕ್ಕೆಂದೇ ನೇಮಕವಾದ ಅಧಿಕಾರಿಗಳು ಪಡೆದು ಲೆಕ್ಕ ಇಡುತ್ತಾರೆ. ಯಾರಿಗೂ ಅದನ್ನು ದಾನ ಮಾಡುವುದಿಲ್ಲ. ಚಿನ್ನದ ಕೆಲಸವಿದ್ದ ಒಂದೊಂದು ರೇಷ್ಮೆ ವಸ್ತ್ರದ ಬೆಲೆ 10 ವರಾಹ. ಜರಿಯ ಕುಲಾಯಿಗೆ ಪೋರ್ಚುಗೀಸರ ನಾಣ್ಯದಲ್ಲಿ ಸುಮಾರು 20 ಕ್ರುಜಾಡೊ. ತಲೆಯಿಂದ ಒಮ್ಮೆ ತೆಗೆದರೆ ಅದೂ ಮುಗಿಯಿತು. ಪಾಯಸ್ ಕಂಡ ಕೊಡುಗೆಗಳು ಹೊಸದಾಗಿ ಸಿದ್ಧಪಡಿಸಿದವೇ ಇರಬೇಕು ಎಂಬುದು ಇದರಿಂದ ಊಹೆಗೆ ಬರುತ್ತದೆ. ಅರಸನ ಮೈ ಮುಟ್ಟಿದ ಬಟ್ಟೆ ಬೇರೆ, ಅರಸನ ಕೈಯಿಂದ ಬಂದ ಬಟ್ಟೆ ಬೇರೆ.

ಹೆಂಗಸರ ಉಡುಪು ಬಹುಮಟ್ಟಿಗೆ ಸೀರೆಯ ಸುತ್ತಲೇ ಬೆಳೆಯಿತು. ತೆಳುವಾದ ಬಿಳಿ ಹತ್ತಿಯ ಅಥವಾ ಎದ್ದುಕಾಣುವ ಬಣ್ಣದ ರೇಷ್ಮೆಯ, ಐದು ಗಜದ ವಸ್ತ್ರ. ಅರ್ಧವನ್ನು ನಡುವಿಗೆ ಸುತ್ತಿ, ಉಳಿದದ್ದನ್ನು ಎದೆಯ ಮೇಲಿಂದ ಒಂದು ಹೆಗಲಿಗೆ ಹಾಕಿ, ಇನ್ನೊಂದು ತೋಳನ್ನು ತೆರೆದಿಡುವುದು ಬಾರ್ಬೋಸಾ ಕಂಡ ಕ್ರಮ. ಸೆರಗು ತಲೆಯ ಮೇಲಿಲ್ಲ. ಕೂದಲನ್ನು ನೆತ್ತಿಯ ಮೇಲೆ ಬಿಗಿಯಾಗಿ ತುರುಬು ಕಟ್ಟಿ ಪರಿಮಳದ ಹೂ ಮುಡಿಯುತ್ತಿದ್ದರು. ಮೂಗಿನ ಒಂದು ಹೊಳ್ಳೆಗೆ ಚಿನ್ನದ ತಂತಿಯಲ್ಲಿ ಮುತ್ತು, ನೀಲ ಅಥವಾ ಕೆಂಪು. ಲೇಪಾಕ್ಷಿಯ ಚಿತ್ರಗಳಲ್ಲಿ ಇದೇ ಸೀರೆ ಎಷ್ಟು ಬಗೆಯದೆಂದು ಕಣ್ಣಾರೆ ನೋಡಬಹುದು: ಗೀಟು, ಚೌಕಳಿ, ಹೂವು, ಹಂಸದ ಸಾಲು, ಅಗಲ ಅಂಚು, ಮೈಗೆ ಅಂಟಿದ ಕುಪ್ಪಸ, ಮುಂದಕ್ಕೆ ಬೀಸಣಿಗೆಯಂತೆ ಹರಡಿದ ನಿರಿಗೆ. ನೇಯ್ಗೆಯ ಚರಿತ್ರೆ ಬರೆಯುವವರಿಗೆ ಆ ಚಾವಣಿ ಒಂದು ಮಾದರಿ ಪುಸ್ತಕ. ಸುಣ್ಣದ ಗಾರೆಯ ಮೇಲಿನ ಆ ಬಣ್ಣಗಳು ಉದುರುತ್ತಾ ಬಂದಿವೆ. ಉಳಿದದ್ದನ್ನು ಜೋಪಾನ ಮಾಡದಿದ್ದರೆ 16ನೆಯ ಶತಮಾನದ ದಕ್ಷಿಣದ ಸೀರೆಯ ಬಗ್ಗೆ ಇರುವ ಅತಿ ಮುಖ್ಯ ದಾಖಲೆಯೇ ಹೋಗುತ್ತದೆ.

ಹೆಂಗಸರು ಟೊಪ್ಪಿಗೆ ಧರಿಸುತ್ತಿದ್ದ ಒಂದು ಸಂದರ್ಭವೂ ಇತ್ತು, ಅದು ಮಹಾನವಮಿ. ಸಂಜೆಯ ಹೊತ್ತಿಗೆ ಅಂತಃಪುರದಿಂದ ಹೊರಡುತ್ತಿದ್ದ ಮೆರವಣಿಗೆಯನ್ನು ಪಾಯಸ್ ಬೆರಗಿನಿಂದ ವರ್ಣಿಸಿದ್ದಾನೆ. 16ರಿಂದ 20 ವರ್ಷದ ಸುಮಾರು 60 ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಮೈಮೇಲೆ ಬೆಲೆಬಾಳುವ ರೇಷ್ಮೆ, ತಲೆಯ ಮೇಲೆ ಎತ್ತರದ ಕುಲಾಯಿ, ಅದರ ಮೇಲೆ ದೊಡ್ಡ ಮುತ್ತುಗಳಿಂದ ಕಟ್ಟಿದ ಹೂವುಗಳು. ಕೊರಳಲ್ಲಿ ಪಚ್ಚೆ, ವಜ್ರ, ಕೆಂಪಿನ ಹಾರಗಳು, ಹೆಗಲಿನಿಂದ ಇಳಿಬಿದ್ದ ಮುತ್ತಿನ ಸರಗಳು, ಕೈತುಂಬ ಬಳೆ, ತೋಳಿಗೆ ತೋಳಬಂದಿ, ನಡುವಿಗೆ ಒಂದರ ಕೆಳಗೊಂದು ಡಾಬು, ಕಾಲಿಗೆ ಅಂದುಗೆ. ಕೈಯಲ್ಲಿ ಬಂಗಾರದ ಕೊಡ, ಅದರೊಳಗೆ ಉರಿಯುವ ದೀಪ. ಆಭರಣದ ಭಾರಕ್ಕೆ ಹಲವರು ನಡೆಯಲಾರದೆ, ಪಕ್ಕದಲ್ಲಿ ಬರುವ ಹೆಂಗಸರು ಅವರ ತೋಳುಗಳನ್ನು ಎತ್ತಿಹಿಡಿದುಕೊಂಡು ಬರಬೇಕಾಗಿತ್ತು. ಅರಸನ ಬೊಕ್ಕಸವನ್ನೇ ಜನರ ಎದುರು ನಡೆಸಿ ತೋರಿಸುವ ಬಗೆ ಅದು. ಆ ಭಾರ ಹೊತ್ತ ಹುಡುಗಿಯರ ಮಾತು ಯಾವ ಬರೆಹದಲ್ಲೂ ಇಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಆಭರಣ ಮಾತ್ರ ಅರಮನೆಯ ಸೊತ್ತಾಗಿರಲಿಲ್ಲ. ಮೇಲಿನವರು, ಕೆಳಗಿನವರು, ಅಂಗಡಿಬೀದಿಯ ಕುಶಲಕರ್ಮಿಗಳು ಸಹ ಕಿವಿ, ಕೊರಳು, ತೋಳು, ಮಣಿಕಟ್ಟು, ಬೆರಳುಗಳಲ್ಲಿ ಒಡವೆ ಧರಿಸುತ್ತಾರೆ ಎಂದು ಅಬ್ದುರ್ ರಜಾಕ್ ಬರೆದಿದ್ದಾನೆ. ಅವನನ್ನು ಇನ್ನೂ ಬೆರಗಾಗಿಸಿದ್ದು ಗುಲಾಬಿ. ಊರಿನ ಎಲ್ಲೆಡೆ ಅದರ ಮಾರಾಟ. ಅನ್ನದಷ್ಟೇ ಅಗತ್ಯವೆಂಬಂತೆ ಜನ ಅದನ್ನು ಕೊಳ್ಳುತ್ತಿದ್ದರು. ಕೂದಲು ಗಡ್ಡಗಳ ಅಲಂಕಾರಕ್ಕೆ ಸಂದ ಮನ್ನಣೆಯೂ ಸಣ್ಣದಲ್ಲ. 16ನೆಯ ಶತಮಾನದ ನಡುಭಾಗದಲ್ಲಿ ಕೊಂಡೋಜನೆಂಬ ಕ್ಷೌರಿಕ, ರಾಜ್ಯಭಾರ ನಡೆಸುತ್ತಿದ್ದ ಅಳಿಯ ರಾಮರಾಯನನ್ನು ಮೆಚ್ಚಿಸಿ ತನ್ನ ಕಸುಬಿನವರಿಗೆಲ್ಲ ತೆರಿಗೆ ಮಾಫಿ ಮಾಡಿಸಿದ ಸಂಗತಿ ಶಾಸನಗಳಲ್ಲಿದೆ.

ಯೋಧರ ಉಡುಪಿನಲ್ಲಿ ಸೊಬಗೂ ರಕ್ಷಣೆಯೂ ಬೆರೆತಿದ್ದವು. ಗಟ್ಟಿ ಚರ್ಮ ಅಥವಾ ಹತ್ತಿಯನ್ನು ಪದರಪದರವಾಗಿ ಹೊಲಿದು ಮಾಡಿದ ಮೇಲಂಗಿಗಳು, ಕೆಲವಕ್ಕೆ ಕಬ್ಬಿಣದ ತಗಡು, ಹೊರಮೈಗೆ ಬಣ್ಣದ ಮಖಮಲ್ಲು. ಯುದ್ಧಕ್ಕೆ ಹೊರಟ ಅರಸ ಹತ್ತಿ ತುಂಬಿದ ಅಂಗಿಯ ಮೇಲೆ ಚಿನ್ನದ ಬಿಲ್ಲೆಗಳನ್ನೂ ರತ್ನಗಳನ್ನೂ ಕೂರಿಸಿದ ಇನ್ನೊಂದನ್ನು ತೊಡುತ್ತಿದ್ದನೆಂದು ವರ್ತೆಮಾ ಹೇಳುತ್ತಾನೆ.

ಇಷ್ಟೆಲ್ಲ ಬಟ್ಟೆ ಬರುತ್ತಿದ್ದದ್ದು ಎರಡು ಕಡೆಯಿಂದ. ಒಂದು, ರಾಜ್ಯದ ಒಳಗಿನ ಮಗ್ಗಗಳಿಂದ. ದೇವಾಂಗರು, ಸಾಲಿಗರು, ಪಟ್ಟಸಾಲಿಗರು ಕನ್ನಡ ಸೀಮೆಯಲ್ಲಿ, ಕೈಕ್ಕೋಳರು ತಮಿಳು ಸೀಮೆಯಲ್ಲಿ ನೇಯುತ್ತಿದ್ದರು, ಬಣ್ಣಕ್ಕೆ ನೀಲಿ, ಕುಸುಂಬೆ, ಅರಗುಗಳಿದ್ದವು, ಹೊಲಿಗೆ ಚಿಪ್ಪಿಗರದು. ಮಗ್ಗದ ಮೇಲೆ ತೆರಿಗೆ ಇತ್ತು. ದೇವಾಲಯದ ಪಟ್ಟಣಗಳು ಬೆಳೆದಂತೆ ನೇಕಾರರ ಕೈಗೆ ಹಣವೂ ಮರ್ಯಾದೆಯೂ ಬಂದವು: ಕಾಂಚೀಪುರದ ಕೈಕ್ಕೋಳರಿಗೆ ಪಲ್ಲಕ್ಕಿ ಏರುವ, ಶಂಖ ಊದಿಸುವ ಹಕ್ಕು ದೊರೆತು, ಬೇರೆ ಊರಿನ ನೇಕಾರರೂ ಅದನ್ನು ಕೇಳಿ ಪಡೆದರು. ರಾಜಧಾನಿಯ ಬೆಡಗಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಈ ಜನರನ್ನು ಗಮನಿಸಲಿಲ್ಲ. ಅವರ ವಿಷಯ ತಿಳಿಯುವುದು ತೆರಿಗೆಯ ಮತ್ತು ಹಕ್ಕಿನ ಶಾಸನಗಳಿಂದಲೇ.

ಎರಡನೆಯದು ಕಡಲು. ಚೀನಾ ಮತ್ತು ಅಲೆಕ್ಸಾಂಡ್ರಿಯಾದ ಜರಿಬಟ್ಟೆ, ಸಕಲಾತಿ ಎಂಬ ಕಡುಗೆಂಪು ಉಣ್ಣೆಬಟ್ಟೆ, ಹವಳ, ಕೇಸರಿ, ಪನ್ನೀರುಗಳು ನಗರದ ಪೇಟೆಯಲ್ಲಿ ಮಾರಾಟವಾಗುತ್ತಿದ್ದದ್ದನ್ನು ಬಾರ್ಬೋಸಾ ಪಟ್ಟಿಮಾಡಿದ್ದಾನೆ. ಗೋವೆಯಿಂದ ಪ್ರತಿವರ್ಷ ಅರಬ್ಬಿ ಕುದುರೆಗಳ ಜೊತೆಯಲ್ಲೇ ಮಖಮಲ್ಲು, ನಯರೇಷ್ಮೆ, ಸಕಲಾತಿಗಳೂ ವಿಜಯನಗರಕ್ಕೆ ಹೋಗುತ್ತಿದ್ದವು. ಮರಳಿ ಬರುತ್ತಿದ್ದದ್ದು ರತ್ನ ಮತ್ತು ವರಾಹ. ಕುದುರೆಯ ದಾರಿಯೇ ಬಟ್ಟೆಯ ದಾರಿಯೂ ಆಗಿದ್ದರಿಂದ ಅದು ರಾಜಕಾರಣದ ವಸ್ತುವೂ ಆಯಿತು. 1547ರಲ್ಲಿ ಸದಾಶಿವರಾಯನ ಸರ್ಕಾರ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಬಟ್ಟೆಗೆಂದೇ ಒಂದು ಕಲಮು ಇತ್ತು. ವಿಜಯನಗರ ರಾಜ್ಯದ ಬಟ್ಟೆ ಬಿಜಾಪುರದ ಆದಿಲ್‌ಶಾಹಿ ಬಂದರುಗಳಿಗೆ ಹೋಗಕೂಡದು, ಅಂಕೋಲಾ ಅಥವಾ ಹೊನ್ನಾವರಕ್ಕೆ ಬರಬೇಕು. ಪೋರ್ಚುಗೀಸ್ ವರ್ತಕರು ಅಲ್ಲಿಗೇ ಬಂದು ಕೊಂಡು, ಬದಲಿಗೆ ತಾಮ್ರ, ಹವಳ, ಪಾದರಸ, ಚೀನಾದ ರೇಷ್ಮೆ ಕೊಡಬೇಕು. ಉತ್ತರ ಕನ್ನಡದ ಎರಡು ಬಂದರುಗಳ ಭಾಗ್ಯ ಹೀಗೆ ಮಗ್ಗದ ಮೇಲೆ ನಿಂತಿತ್ತು.

1565ರ ಜನವರಿಯಲ್ಲಿ ದಖ್ಖನ್ನಿನ ಸುಲ್ತಾನರ ವಿರುದ್ಧ ರಕ್ಕಸಗಿ-ತಂಗಡಗಿಯ ಯುದ್ಧ ಸೋತ ಮೇಲೆ ನಗರ ಸೂರೆಯಾಯಿತು. ಎರಡು ವರ್ಷಗಳ ನಂತರ, 1567ರಲ್ಲಿ, ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಬಂದು ಏಳು ತಿಂಗಳು ಅಲ್ಲಿದ್ದ. ಅರೆಪಾಳಾದ ಆ ಊರಿನಲ್ಲೂ ಅವನು ಬರೆದಿಟ್ಟ ಉಡುಪು ಹಳೆಯದೇ: ಅಂತಸ್ತಿಗೆ ತಕ್ಕಂತೆ ಮಖಮಲ್ಲು, ನಯರೇಷ್ಮೆ, ಸಕಲಾತಿ ಅಥವಾ ಬಿಳಿಯ ಹತ್ತಿ, ತಲೆಯ ಮೇಲೆ ಉದ್ದನೆಯ ಕುಲಾಯಿ, ನಡುವಿಗೆ ತೆಳು ಬಿಳಿ ದಟ್ಟಿ, ತುರ್ಕರ ಮಾದರಿಯ ಚಲ್ಲಣ, ಕಿವಿಯಲ್ಲಿ ಧಾರಾಳ ಚಿನ್ನ. ಚಲ್ಲಣದ ಮಾತು ಹಿಂದಿನ ಪ್ರವಾಸಿಗಳಲ್ಲಿ ಸಿಗುವುದಿಲ್ಲ. ಸುಲ್ತಾನರ ಸೈನ್ಯಗಳೇ ಊರನ್ನು ಹಾಳುಮಾಡಿದ್ದರೂ ಅವರ ಕಡೆಯ ಉಡುಪಿನ ಮೇಲೆ ಜನ ಮುನಿಸಿಕೊಂಡಿರಲಿಲ್ಲ.

ಅರಸುಮನೆತನ ಪೆನುಗೊಂಡೆಗೆ, ಆಮೇಲೆ ಚಂದ್ರಗಿರಿಗೆ ಸರಿಯಿತು. ಮಧುರೆ, ತಂಜಾವೂರು, ಇಕ್ಕೇರಿಯ ನಾಯಕರು ತಮ್ಮ ತಮ್ಮ ಆಸ್ಥಾನಗಳಲ್ಲಿ ರಾಜಧಾನಿಯ ರೀತಿಯನ್ನು ಮುಂದುವರಿಸಿದರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಹಾನವಮಿಯ ಉತ್ಸವವನ್ನು ಮತ್ತೆ ಆರಂಭಿಸಿದಾಗ ಒಡ್ಡೋಲಗ, ವಸ್ತ್ರದ ಮನ್ನಣೆಗಳೂ ಅದರೊಡನೆ ಬಂದವು. ಕುಲಾಯಿಗೆ ಮಾತ್ರ ಹೆಚ್ಚು ಕಾಲ ಉಳಿಗಾಲವಿರಲಿಲ್ಲ. 17ನೆಯ ಶತಮಾನದಲ್ಲಿ ಮೊಗಲರ ಅಧಿಕಾರ ದಕ್ಷಿಣಕ್ಕೆ ಇಳಿದಂತೆ ಜಾಮಾ ಎಂಬ ನಿಲುವಂಗಿ ಮತ್ತು ಸುತ್ತಿದ ಪೇಟ ದಖ್ಖನ್ನಿನ ದರ್ಬಾರುಗಳ ಹೊಸ ಉಡುಪಾದವು. ಮೈಸೂರಿನ ಅರಸರೂ ಪಾಳೆಯಗಾರರೂ ಅದನ್ನೇ ಹಿಡಿದರು. ಎತ್ತರದ ಜರಿಟೊಪ್ಪಿಗೆ ದೊಡ್ಡವರ ತಲೆಯಿಂದ ಇಳಿದು ಶಿಲ್ಪ ಚಿತ್ರಗಳಲ್ಲಿ ಉಳಿಯಿತು. ಅದರ ಹೆಸರು ಕುಲಾವಿ ಎಂಬ ರೂಪದಲ್ಲಿ ಎಳೆಮಕ್ಕಳ ಟೊಪ್ಪಿಗೆಗೆ ಸಂದು, ಕೂಸು ಹುಟ್ಟುವ ಮುನ್ನವೇ ಅದನ್ನು ಹೊಲಿಸುವವರ ಆತುರದ ಕುರಿತ ಗಾದೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.